ರಾಬಿನ್ಸನ್‌ಗೂ ಮುಂಚೆ ಒಂದು ಲೀಗೇ ಇತ್ತು

ಮಾನ್ಯ ಸಂಪಾದಕರೇ, ನಮಸ್ಕಾರ.

ಏಪ್ರಿಲ್ 15 ಆದ ಮೇಲೆ ನಿಮ್ಮ ಕ್ರೀಡಾ ಪುಟದ ಕೆಳಗಿನ ಮೂಲೆಯಲ್ಲಿ ಆರು ಸಾಲಿನ ಒಂದು ಸುದ್ದಿ ಇತ್ತು. ಅಮೆರಿಕದ ಬೇಸ್‌ಬಾಲ್ ಆಟಗಾರರೆಲ್ಲ ಆ ದಿನ 42ನೇ ನಂಬರಿನ ಅಂಗಿ ಹಾಕಿಕೊಂಡು ಆಡುತ್ತಾರೆ, ಅದು ಜಾಕಿ ರಾಬಿನ್ಸನ್ ನೆನಪಿಗೆ, 1947ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಆಡಿದ ಆತನೇ ದೊಡ್ಡ ಲೀಗ್‌ನ (ಅಂದರೆ ಮೇಜರ್ ಲೀಗ್‌ನ) ಮೊದಲ ಕಪ್ಪು ಆಟಗಾರ, ಅಂತ. ಐಪಿಎಲ್ ಗಲಾಟೆಯ ಮಧ್ಯೆ ಇದಕ್ಕೂ ಜಾಗ ಕೊಟ್ಟಿರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದರಲ್ಲಿ ಒಂದು ಸಣ್ಣ ತಪ್ಪಿದೆ. ತಪ್ಪಿಗಿಂತ ಜಾಸ್ತಿ, ಒಂದು ದೊಡ್ಡ ಭಾಗವೇ ಬಿಟ್ಟುಹೋಗಿದೆ.

ತಪ್ಪು ಏನೆಂದರೆ, ರಾಬಿನ್ಸನ್‌ಗೆ 63 ವರ್ಷ ಮುಂಚೆಯೇ, 1884ರಲ್ಲಿ, ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೀಡೊ ತಂಡಕ್ಕೆ ದೊಡ್ಡ ಲೀಗ್‌ನಲ್ಲಿ ಆಡಿದ್ದ. ಅವನು ಆಡಿದ್ದು 42 ಪಂದ್ಯ. ಈ 42 ಬರೀ ಕಾಕತಾಳೀಯ, ಆದರೆ ನನ್ನಂಥವನಿಗೆ ಇಂಥದ್ದು ಕಣ್ಣಿಗೆ ಬಿದ್ದರೆ ಬಿಡಲು ಆಗುವುದಿಲ್ಲ. ಅವನಾದ ಮೇಲೆ ಬಾಗಿಲು ಮುಚ್ಚಿತು. ಕಪ್ಪು ಆಟಗಾರರನ್ನು ತೆಗೆದುಕೊಳ್ಳಬಾರದು ಅಂತ ದೊಡ್ಡ ಲೀಗ್‌ನವರು ಕಾನೂನು ಬರೆದಿಡಲಿಲ್ಲ. ಮಾಲೀಕರು ಮಾಲೀಕರು ಮಾತಾಡಿಕೊಂಡರು, ಅಷ್ಟೇ. ಕಾಗದದ ಮೇಲೆ ಇಲ್ಲದ ನಿಯಮ ಮುರಿಯುವುದು ಎಷ್ಟು ಕಷ್ಟ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ.

ಬಿಟ್ಟುಹೋದ ಭಾಗದ ಬಗ್ಗೆ ಹೇಳುವ ಮೊದಲು ನಾನು ಯಾರು, ನನಗೇಕೆ ಈ ಉಸಾಬರಿ ಅಂತ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಭಾನುವಾರಗಳಲ್ಲಿ ಊರಿನ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೆ. ಇಪ್ಪತ್ತೆಂಟು ವರ್ಷ ಬರೆದೆ. ಮಗ ಅಮೆರಿಕದ ಕ್ಯಾನ್ಸಸ್ ಸಿಟಿ ಹತ್ತಿರ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಮೂರು ತಿಂಗಳು ಅವನ ಮನೆಯಲ್ಲಿದ್ದಾಗ, ಮಾಲ್ ತೋರಿಸಿ ತೋರಿಸಿ ಅವನಿಗೇ ಬೇಜಾರಾಗಿ, ಒಂದು ಶನಿವಾರ 'ನಡೀರಿ ಅಪ್ಪ, ನಿಮಗೆ ಇಷ್ಟ ಆಗೋ ಜಾಗಕ್ಕೆ ಹೋಗೋಣ' ಅಂದ. ಕರೆದುಕೊಂಡು ಹೋಗಿದ್ದು ಹದಿನೆಂಟನೇ ಬೀದಿ ಮತ್ತು ವೈನ್ ಬೀದಿ ಸೇರುವ ಕಡೆ ಇರುವ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂಗೆ. (ಆ ಪದವನ್ನು ಈಗ ಅಲ್ಲಿ ಯಾರೂ ಮನುಷ್ಯರಿಗೆ ಬಳಸುವುದಿಲ್ಲ. ಲೀಗ್‌ನ ಆಗಿನ ಹೆಸರು ಅದು ಅಂತ ಹಾಗೇ ಉಳಿಸಿಕೊಂಡಿದ್ದಾರೆ.)

ಒಳಗೆ ಹೋದ ಕೂಡಲೇ ಎದುರಿಗೆ ಒಂದು ಪುಟ್ಟ ಮೈದಾನ ಕಾಣುತ್ತದೆ. ಕಂಚಿನ ಆಟಗಾರರು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದಾರೆ. ಆದರೆ ನಮಗೂ ಅವರಿಗೂ ನಡುವೆ ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆ. ನೋಡಬಹುದು, ಹೋಗುವ ಹಾಗಿಲ್ಲ. ಬೇರೆ ಮೈದಾನಗಳಲ್ಲಿ ಕಪ್ಪು ಪ್ರೇಕ್ಷಕರನ್ನು ಇಂಥ ಬಲೆಯ ಹಿಂದೆ ಕೂರಿಸುತ್ತಿದ್ದರಂತೆ. ಇಡೀ ಮ್ಯೂಸಿಯಂ ಸುತ್ತಿ, ಎಲ್ಲ ಕತೆ ಓದಿ ಮುಗಿಸಿದ ಮೇಲೆ ಕೊನೆಗೆ ಆ ಮೈದಾನಕ್ಕೆ ಕಾಲಿಡಲು ಬಿಡುತ್ತಾರೆ. ನಾನು ಬೇಸ್‌ಬಾಲ್ ನಿಯಮ ಅರ್ಧಂಬರ್ಧ ಗೊತ್ತಿದ್ದವನು, ಆದರೂ ಆ ಕಂಚಿನ ಕ್ಯಾಚರ್ ಪಕ್ಕ ನಿಂತಾಗ ಮಾತು ಬರಲಿಲ್ಲ. ಆ ಕ್ಯಾಚರ್ ಜಾಶ್ ಗಿಬ್ಸನ್. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮ್ಯೂಸಿಯಂನಿಂದ ನಡೆದು ಹೋಗುವಷ್ಟು ದೂರದಲ್ಲಿ ಪ್ಯಾಸಿಯೊ ವೈಎಂಸಿಎ ಅಂತ ಒಂದು ಹಳೇ ಕಟ್ಟಡ ಇದೆ. 1920ರ ಫೆಬ್ರವರಿ 13ರಂದು ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿದ್ದು ಅಲ್ಲೇ. ಹುಟ್ಟಿಸಿದವನು ರೂಬ್ ಫಾಸ್ಟರ್, ಟೆಕ್ಸಸ್ ಕಡೆಯವನು, ಮೊದಲು ಭಾರೀ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ), ಆಮೇಲೆ ಶಿಕಾಗೊ ಅಮೆರಿಕನ್ ಜೈಂಟ್ಸ್ ತಂಡದ ಒಡೆಯ. ಕಪ್ಪು ತಂಡಗಳು ಅದಕ್ಕೂ ಮುಂಚೆ ಬೇಕಾದಷ್ಟಿದ್ದವು. ಆದರೆ ಪಂದ್ಯ ಎಲ್ಲಿ, ಯಾವಾಗ, ದುಡ್ಡು ಎಷ್ಟು ಅಂತೆಲ್ಲ ಬಿಳಿಯ ಏಜೆಂಟರು ಹೇಳಿದಂತೆ ನಡೆಯುತ್ತಿತ್ತು. ಫಾಸ್ಟರ್ ಎಂಟು ತಂಡಗಳನ್ನು ಕೂರಿಸಿ, ವೇಳಾಪಟ್ಟಿ ಮಾಡಿ, ಗೇಟಿನ ಹಣದಲ್ಲಿ ಶೇ 5ರಷ್ಟು ಲೀಗ್‌ಗೆ ಅಂತ ಕಟ್ಟಿದ. ಯಾವುದಾದರೂ ತಂಡಕ್ಕೆ ಸಂಬಳ ಕೊಡಲು ದುಡ್ಡಿಲ್ಲದಿದ್ದರೆ ಅವನೇ ಸಾಲ ಕೊಡುತ್ತಿದ್ದ. ಆರು ವರ್ಷದಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ, 1930ರಲ್ಲಿ ಅಲ್ಲೇ ತೀರಿಕೊಂಡ. ಮರುವರ್ಷ ಲೀಗೂ ಮುಚ್ಚಿತು. ಆದರೆ 1933ರಲ್ಲಿ ಪಿಟ್ಸ್‌ಬರ್ಗ್‌ನ ಗಸ್ ಗ್ರೀನ್ಲಿ ಅದೇ ಹೆಸರಲ್ಲಿ ಇನ್ನೊಂದು ಲೀಗ್ ಶುರು ಮಾಡಿದ, 1937ರಲ್ಲಿ ನೀಗ್ರೋ ಅಮೆರಿಕನ್ ಲೀಗ್ ಬಂತು. ಕಂತು ಕಟ್ಟಿಕೊಂಡು ಬದುಕುವ ಸಂಸಾರದ ಹಾಗೆ, ಬೀಳುತ್ತಾ ಏಳುತ್ತಾ ನಡೆಯಿತು.

ಬಡವರು ಅಂದ ಮಾತ್ರಕ್ಕೆ ಹಿಂದುಳಿದವರು ಅಂದುಕೊಳ್ಳಬೇಡಿ. ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡ 1930ರಲ್ಲೇ ಲಾರಿಗಳ ಮೇಲೆ ದೀಪದ ಕಂಬ, ಜನರೇಟರ್ ಹೇರಿಕೊಂಡು ಊರೂರು ತಿರುಗಿ ರಾತ್ರಿ ಪಂದ್ಯ ಆಡುತ್ತಿತ್ತು. ಬಿಳಿಯರ ದೊಡ್ಡ ಲೀಗ್ ದೀಪದಡಿ ಮೊದಲ ಪಂದ್ಯ ಆಡಿದ್ದು 1935ರಲ್ಲಿ. ನಮ್ಮ ಕಡೆ ಯಕ್ಷಗಾನ ಮೇಳದವರು ಟೆಂಟು, ಗ್ಯಾಸ್‌ಲೈಟು ಹೇರಿಕೊಂಡು ಊರಿಂದ ಊರಿಗೆ ಹೋಗುತ್ತಿದ್ದರಲ್ಲ, ಆ ಫೋಟೊ ನೋಡಿದಾಗ ನನಗೆ ಅದೇ ನೆನಪಾಯಿತು. ಭಾನುವಾರ ಮೊನಾರ್ಕ್ಸ್ ಆಟ ಇದ್ದರೆ ಕ್ಯಾನ್ಸಸ್ ಸಿಟಿಯ ಚರ್ಚುಗಳು ಪ್ರಾರ್ಥನೆಯನ್ನು ಒಂದು ಗಂಟೆ ಬೇಗ ಮುಗಿಸುತ್ತಿದ್ದವಂತೆ. ಜನ ಅದೇ ಹಬ್ಬದ ಬಟ್ಟೆಯಲ್ಲಿ ಸೀದಾ ಮೈದಾನಕ್ಕೆ. ಗಂಡಸರು ಟೈ ಕಟ್ಟಿ, ಹೆಂಗಸರು ದೊಡ್ಡ ಟೋಪಿ ಇಟ್ಟು ಕೂತಿರುವ ಫೋಟೊಗಳಿವೆ, ನೋಡಲು ಎರಡು ಕಣ್ಣು ಸಾಲದು.

ಇನ್ನು ಪ್ರಯಾಣ. ಲೀಗ್ ಪಂದ್ಯಗಳಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ವಾರದ ಉಳಿದ ದಿನ ಬಸ್ಸಿನಲ್ಲಿ ಹಳ್ಳಿ ಪಟ್ಟಣ ತಿರುಗಿ, ಅಲ್ಲಿನ ಸ್ಥಳೀಯ ತಂಡದ ಜೊತೆ ಆಡಿ, ಗೇಟಿನ ಹಣ ಹಂಚಿಕೊಂಡು ಮುಂದಿನ ಊರಿಗೆ. ಕೆಲವು ದಿನ ಎರಡು ಪಂದ್ಯ, ಕೆಲವು ದಿನ ಮೂರು. ಹೋಟೆಲ್‌ನಲ್ಲಿ ರೂಮು ಕೊಡುವುದಿಲ್ಲ, ಊಟಕ್ಕೆ ಒಳಗೆ ಬಿಡುವುದಿಲ್ಲ, ಬಸ್ಸಿನಲ್ಲೇ ನಿದ್ದೆ. ಕೆಲವು ಕಡೆ ಬಾಡಿಗೆ ಕೊಟ್ಟು ತೆಗೆದುಕೊಂಡ ಸ್ಟೇಡಿಯಂನಲ್ಲೂ ಬಟ್ಟೆ ಬದಲಿಸುವ ಕೋಣೆ, ಸ್ನಾನದ ಮನೆ ಇವರಿಗೆ ಇಲ್ಲ. ಹ್ಯಾಂಕ್ ಆರನ್ ಗೊತ್ತಲ್ಲ, 1974ರಲ್ಲಿ ಬೇಬ್ ರೂತ್ ಎಂಬ ಬಿಳಿ ದಿಗ್ಗಜನ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ದಾಖಲೆ ಮುರಿದವನು. 1952ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಎಂಬ ಕಪ್ಪು ತಂಡದಲ್ಲಿದ್ದಾಗ ವಾಷಿಂಗ್ಟನ್‌ನ ಒಂದು ಹೋಟೆಲ್‌ನಲ್ಲಿ ತಿಂಡಿ ತಿಂದರಂತೆ. ತಿಂದು ಕೂತಿರುವಾಗ ಒಳಗೆ ಅಡುಗೆಮನೆಯಲ್ಲಿ ಇವರು ತಿಂದ ತಟ್ಟೆಗಳನ್ನು ಒಡೆದು ಹಾಕುವ ಸದ್ದು ಕೇಳಿಸಿತು. ನಾಯಿ ತಿಂದಿದ್ದರೆ ತೊಳೆದು ಇಡುತ್ತಿದ್ದರು ಅಂತ ಆರನ್ ಆಮೇಲೆ ಹೇಳಿಕೊಂಡಿದ್ದಾನೆ.

ಇದನ್ನು ಓದಿದಾಗ ನನಗೆ ಪಾಲ್ವಂಕರ್ ಬಾಲು ನೆನಪಾದರು. ನಮ್ಮ ಧಾರವಾಡದಲ್ಲಿ ಹುಟ್ಟಿದ ದಲಿತ ಹುಡುಗ, ಎಡಗೈ ಸ್ಪಿನ್ನರ್. 1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ 114 ವಿಕೆಟ್ ತೆಗೆದವರು. ಪುಣೆಯಲ್ಲಿ ತಂಡಕ್ಕೆ ಅವರ ವಿಕೆಟ್ ಬೇಕಿತ್ತು, ಆದರೆ ಚಹಾ ವಿರಾಮದಲ್ಲಿ ಅವರೊಬ್ಬರಿಗೆ ಪೆವಿಲಿಯನ್ ಹೊರಗೆ ಮಣ್ಣಿನ ಲೋಟ. ಅಲ್ಲಿ ತಟ್ಟೆ ಒಡೆದರು, ಇಲ್ಲಿ ಲೋಟ ಎಸೆದರು. ಸರಿ, ಆ ಕಡೆ ಹೋದರೆ ಈ ಪತ್ರ ಮುಗಿಯುವುದಿಲ್ಲ.

ರಾಬಿನ್ಸನ್ ಕೂಡ ಇದೇ ಬಸ್ಸಿನಿಂದ ಬಂದವನು. 1945ರಲ್ಲಿ ಅವನು ಮೊನಾರ್ಕ್ಸ್ ಆಟಗಾರ. ಒಂದು ಕತೆ ಹೇಳುತ್ತಾರೆ. ಓಕ್ಲಹೋಮಾದಲ್ಲಿ ಒಂದು ಪೆಟ್ರೋಲ್ ಬಂಕ್, ತಂಡ ಯಾವಾಗಲೂ ಎಣ್ಣೆ ಹಾಕಿಸುವ ಜಾಗ. ರಾಬಿನ್ಸನ್ ಇಳಿದು ಶೌಚಾಲಯದ ಕಡೆ ಹೊರಟ. ಬಂಕ್‌ನವನು 'ಅಲ್ಲಿಗೆ ನೀವು ಹೋಗುವ ಹಾಗಿಲ್ಲ' ಅಂದ. ಹಾಗಾದರೆ ಪೈಪ್ ತೆಗಿ, ನಿನ್ನ ಪೆಟ್ರೋಲ್ ಬೇಡ ಅಂದ ರಾಬಿನ್ಸನ್. ದೊಡ್ಡ ಬಸ್ಸು, ಎರಡು ಟ್ಯಾಂಕು, ಅಷ್ಟು ವ್ಯಾಪಾರ ಕೈ ತಪ್ಪುತ್ತದೆ ಅಂದ ಕೂಡಲೇ ಬಂಕ್‌ನವನು ಮೆತ್ತಗಾದ. ಅವತ್ತಿನಿಂದ ಮೊನಾರ್ಕ್ಸ್ ತಂಡ ಶೌಚಾಲಯ ಕೊಡದ ಕಡೆ ಎಣ್ಣೆ ಹಾಕಿಸಲಿಲ್ಲವಂತೆ. ವರ್ಷಗಟ್ಟಲೆ ಅದೇ ಬಂಕ್‌ನಲ್ಲಿ ನಿಲ್ಲುತ್ತಿದ್ದ ಹಿರಿಯರಿಗೆ ಈ ಮಾತು ಹೊಳೆದಿರಲಿಲ್ಲ ಅನ್ನಬೇಡಿ. ಹೊಳೆದಿರುತ್ತದೆ. ಹೇಳಿದರೆ ಏನಾಗುತ್ತದೆ ಅಂತಲೂ ಅವರಿಗೆ ಗೊತ್ತಿತ್ತು.

ಆಟಗಾರರಲ್ಲಿ ಮೊದಲು ಸ್ಯಾಚೆಲ್ ಪೇಜ್ ಹೆಸರು ಹೇಳಲೇಬೇಕು. ಅಲಬಾಮಾದ ಮೊಬೀಲ್ ಊರಿನವನು, ಹುಟ್ಟಿದ್ದು 1906ರಲ್ಲಿ. ಉದ್ದ ಕೈ, ಉದ್ದ ಕಾಲು, ಅದಕ್ಕಿಂತ ಉದ್ದ ನಾಲಿಗೆ. ತನ್ನ ಎಸೆತಗಳಿಗೆ ತಾನೇ ಹೆಸರಿಡುತ್ತಿದ್ದ. ಕೈ ಬೀಸಿ, ಮಧ್ಯದಲ್ಲಿ ಒಂದು ಕ್ಷಣ ನಿಂತುಬಿಟ್ಟು, ಬ್ಯಾಟ್ಸ್‌ಮನ್ ಕಕ್ಕಾಬಿಕ್ಕಿಯಾದ ಮೇಲೆ ಚೆಂಡು ಬಿಡುವುದೊಂದು. ಹಿಂದಿನ ಫೀಲ್ಡರ್‌ಗಳಿಗೆಲ್ಲ 'ಕೂತ್ಕೊಳ್ಳಿ, ನಿಮಗೆ ಕೆಲಸ ಇಲ್ಲ' ಅಂದು ಕೂರಿಸಿ ಎಸೆಯುತ್ತಿದ್ದ ಅಂತಲೂ ಹೇಳುತ್ತಾರೆ. 1948ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಅವನನ್ನು ದೊಡ್ಡ ಲೀಗ್‌ಗೆ ಕರೆದಾಗ ಅವನಿಗೆ 42 ವರ್ಷ. (ನೋಡಿ, ಮತ್ತೆ 42.) ಅರ್ಧ ಸೀಸನ್ ಅಷ್ಟೇ ಸಿಕ್ಕಿತು, ಆರು ಪಂದ್ಯ ಗೆದ್ದ, ಒಂದು ಸೋತ, ಆ ವರ್ಷ ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್ ಗೆದ್ದಿತು. ನಮ್ಮಲ್ಲಿ 42ಕ್ಕೆ ಬೌಲರ್‌ಗಳು ಕಾಮೆಂಟರಿ ಬಾಕ್ಸ್‌ನಲ್ಲಿರುತ್ತಾರೆ. ಇವನು 1965ರಲ್ಲಿ, 59ನೇ ವಯಸ್ಸಿನಲ್ಲಿ, ಕ್ಯಾನ್ಸಸ್ ಸಿಟಿ ಅಥ್ಲೆಟಿಕ್ಸ್ ತಂಡಕ್ಕೆ ಮೂರು ಇನಿಂಗ್ಸ್ ಎಸೆದು ಒಂದೇ ಒಂದು ಹಿಟ್ ಕೊಟ್ಟ. ಮಾಲೀಕ ತಮಾಷೆಗೆ ಅಂತ ಅವನಿಗೆ ಮೈದಾನದ ಪಕ್ಕ ತೂಗುಕುರ್ಚಿ ಹಾಕಿಸಿದ್ದ. ತಮಾಷೆ ಯಾರ ಮೇಲಾಯಿತು ಅಂತ ಸ್ಕೋರ್ ಹೇಳುತ್ತದೆ.

ಕೂಲ್ ಪಾಪಾ ಬೆಲ್ ಅಂತ ಇನ್ನೊಬ್ಬ, ಓಟಗಾರ. ರೂಮಿನಲ್ಲಿ ಸ್ವಿಚ್ ಆರಿಸಿ, ಕತ್ತಲಾಗುವ ಮುಂಚೆ ಹಾಸಿಗೆಯಲ್ಲಿ ಇರುತ್ತಿದ್ದ ಅಂತ ಪೇಜ್ ಊರೆಲ್ಲ ಹೇಳಿಕೊಂಡು ತಿರುಗಿದ. ಅಸಲು ವಿಷಯ ಏನೆಂದರೆ ಆ ರೂಮಿನ ಸ್ವಿಚ್ ಕೆಟ್ಟಿತ್ತು, ಒತ್ತಿದ ಸ್ವಲ್ಪ ಹೊತ್ತಿಗೆ ದೀಪ ಆರುತ್ತಿತ್ತು. ಬೆಲ್ ಅದನ್ನು ನೋಡಿಟ್ಟುಕೊಂಡು ಪೇಜ್ ಜೊತೆ ಪಂಥ ಕಟ್ಟಿ ಗೆದ್ದ. ಕತೆ ಮಾತ್ರ ಉಳಿಯಿತು. ಲೆಕ್ಕ ಇಲ್ಲದ ಕಡೆ ಇಂಥ ಕತೆಗಳೇ ಉಳಿಯುತ್ತವೆ, ಇದೇ ನನ್ನ ತಕರಾರು. ಕತೆ ಚೆನ್ನಾಗಿರುತ್ತದೆ, ಕೇಳಿದವರು ನಗುತ್ತಾರೆ, ಆದರೆ ಆಟಗಾರ ನಿಜವಾಗಿ ಎಷ್ಟು ಒಳ್ಳೆಯವನು ಅನ್ನುವುದು ಅದರಲ್ಲಿ ಮುಳುಗಿಹೋಗುತ್ತದೆ.

ಈಗ ಗಿಬ್ಸನ್. ಜಾರ್ಜಿಯಾದಲ್ಲಿ 1911ರಲ್ಲಿ ಹುಟ್ಟಿ, ಪಿಟ್ಸ್‌ಬರ್ಗ್‌ನಲ್ಲಿ ಬೆಳೆದು, ಹೋಮ್‌ಸ್ಟೆಡ್ ಗ್ರೇಸ್ ಮತ್ತು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳಿಗೆ ಆಡಿದವನು. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಪಂದ್ಯ ಪೂರ್ತಿ ಕುಕ್ಕರಗಾಲಲ್ಲಿ ಕೂತು ಎದ್ದು ಮಾಡುವ ಕೆಲಸ. ಅದು ಮಾಡಿಕೊಂಡು ಅವನು ಹೊಡೆಯುತ್ತಿದ್ದ ಹೋಮ್ ರನ್‌ಗಳ ಬಗ್ಗೆ ಕತೆಗಳು ಒಂದೆರಡಲ್ಲ. ಅವನನ್ನು ಕಪ್ಪು ಬೇಬ್ ರೂತ್ ಅನ್ನುತ್ತಿದ್ದರು. ರೂತ್‌ನನ್ನೇ ಬಿಳಿ ಗಿಬ್ಸನ್ ಅನ್ನಬೇಕು ಅಂತ ಅವನ ಆಟ ನೋಡಿದವರು ತಿರುಗಿಸಿ ಹೇಳುತ್ತಿದ್ದರಂತೆ. 1947ರ ಜನವರಿ 20ರಂದು ಸತ್ತ. ವಯಸ್ಸು 35. ರಾಬಿನ್ಸನ್ ಬ್ರೂಕ್ಲಿನ್‌ನಲ್ಲಿ ಮೈದಾನಕ್ಕೆ ಇಳಿಯಲು ಆಗ ಇನ್ನು ಮೂರು ತಿಂಗಳೂ ಇರಲಿಲ್ಲ. ಗಿಬ್ಸನ್ ಸಮಾಧಿ ಮೇಲೆ 1975ರವರೆಗೆ ಒಂದು ಹೆಸರಿನ ಕಲ್ಲು ಕೂಡ ಇರಲಿಲ್ಲ.

ಈ ಹೆಸರಿಲ್ಲದ ಸಮಾಧಿಯವನು 2024ರ ಮೇ ಕೊನೆಯಲ್ಲಿ ಅಮೆರಿಕದ ಬೇಸ್‌ಬಾಲ್ ಇತಿಹಾಸದಲ್ಲಿ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಇರುವ ಆಟಗಾರನಾದ! ಲೆಕ್ಕ ಹೇಳುತ್ತೇನೆ, ಕೇಳಿ. ನಮ್ಮ ಕ್ರಿಕೆಟ್‌ನಲ್ಲಿ ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಅಲ್ಲಿ ಹಾಗಲ್ಲ, ಎಷ್ಟು ಸಲ ಬ್ಯಾಟ್ ಹಿಡಿದ, ಅದರಲ್ಲಿ ಎಷ್ಟು ಸಲ ಹೊಡೆದು ಬೇಸ್ ಮುಟ್ಟಿದ ಅನ್ನುವುದು. ಹತ್ತಕ್ಕೆ ಮೂರು ಹೊಡೆದರೆ ಅವನು ದೊಡ್ಡ ಆಟಗಾರ. ಟೈ ಕಾಬ್ ಎಂಬವನು .367, ಅಂದರೆ ಸಾವಿರಕ್ಕೆ 367, ಇಟ್ಟುಕೊಂಡು 1928ರಲ್ಲಿ ನಿವೃತ್ತನಾದ. ಅದೇ ದಾಖಲೆ, ಹತ್ತಿರ ಹತ್ತಿರ ನೂರು ವರ್ಷ ಅಲುಗಲಿಲ್ಲ. ಗಿಬ್ಸನ್‌ದು .372. ಒಂದೇ ಸೀಸನ್ನಿನ ಲೆಕ್ಕದಲ್ಲೂ ಅವನೇ ಮೇಲೆ, 1943ರಲ್ಲಿ .466.

ಇದು ಹೇಗಾಯಿತು ಅಂದರೆ, 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್‌ನವರು 1920ರಿಂದ 1948ರವರೆಗಿನ ಏಳು ಕಪ್ಪು ಲೀಗ್‌ಗಳನ್ನೂ ದೊಡ್ಡ ಲೀಗ್ ಅಂತಲೇ ಒಪ್ಪಿಕೊಂಡರು. ಸುಮಾರು 3,400 ಆಟಗಾರರು. 1969ರಲ್ಲಿ ಯಾವ್ಯಾವ ಲೀಗ್ ದೊಡ್ಡ ಲೀಗ್ ಅಂತ ತೀರ್ಮಾನಿಸಲು ಒಂದು ಸಮಿತಿ ಕೂತಿತ್ತು. ಆಗ ಆರು ಲೀಗ್‌ಗಳನ್ನು ಒಪ್ಪಿಕೊಂಡವರು ಕಪ್ಪು ಲೀಗ್‌ಗಳಲ್ಲಿ ಒಂದನ್ನೂ ಸೇರಿಸಲಿಲ್ಲ. ಒಪ್ಪಿಕೊಂಡ ಮೇಲೆ ಅಂಕಿಗಳನ್ನು ಸೇರಿಸಲು ಇನ್ನೂ ಮೂರೂವರೆ ವರ್ಷ ಹಿಡಿಯಿತು. ಆಗ ವಿಲ್ಲಿ ಮೇಸ್ ಎಂಬ ದೊಡ್ಡ ಕಪ್ಪು ಆಟಗಾರನ ಲೆಕ್ಕಕ್ಕೆ ಹತ್ತು ಹಿಟ್ ಸೇರಿದವು, 1948ರಲ್ಲಿ ಹುಡುಗನಾಗಿ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಹೊಡೆದದ್ದು. 3,283 ಇದ್ದದ್ದು 3,293 ಆಯಿತು. ಮೇಸ್ ಬದುಕಿದ್ದಾಗಲೇ ಆಯಿತು ಅನ್ನುವುದು ನನಗೆ ಸಮಾಧಾನ. ಜೂನ್ 18ಕ್ಕೆ ಅವನು ತೀರಿಕೊಂಡ. ಎರಡು ದಿನ ಬಿಟ್ಟು ಅವನು ಆಡಿದ್ದ ಅದೇ ರಿಕ್‌ವುಡ್ ಮೈದಾನದಲ್ಲಿ ದೊಡ್ಡ ಲೀಗ್ ಪಂದ್ಯ ನಡೆಯಿತು, ಅವನ ಜೊತೆ ಆಡಿದ್ದ 99 ವರ್ಷದ ಬಿಲ್ ಗ್ರೀಸನ್ ಮೊದಲ ಚೆಂಡು ಎಸೆದರು.

ತಕರಾರು ತೆಗೆದವರೂ ಇದ್ದಾರೆ. ಕಪ್ಪು ಲೀಗ್‌ನಲ್ಲಿ ಸೀಸನ್ನಿಗೆ ಬರೀ ಅರವತ್ತು ಎಪ್ಪತ್ತು ಪಂದ್ಯ, ದೊಡ್ಡ ಲೀಗ್‌ನಲ್ಲಿ 154, ಇದು ಸಮನಾದ ಹೋಲಿಕೆಯೇ ಅಂತ. ನನ್ನ ಮಗನೂ ಹಾಗೇ ಅಂದ. ಸ್ಕೋರರ್ ಆಗಿ ನಾನು ಒಪ್ಪುತ್ತೇನೆ, ಕಮ್ಮಿ ಪಂದ್ಯದಲ್ಲಿ ಸರಾಸರಿ ಮೇಲೇರುವುದು ಸುಲಭ, ಅದನ್ನು ಹೇಳಿಯೇ ಬರೆಯಬೇಕು. ಆದರೆ ಕೊರೊನಾ ಬಂದ 2020ರಲ್ಲಿ ದೊಡ್ಡ ಲೀಗ್‌ನವರು ಆಡಿದ್ದೂ ಅರವತ್ತೇ ಪಂದ್ಯ. ಅದನ್ನು ಯಾರೂ ಪುಸ್ತಕದಿಂದ ಹೊರಗೆ ಹಾಕಲಿಲ್ಲವಲ್ಲ? ಇನ್ನೊಂದು, ಬೇಬ್ ರೂತ್ ತನ್ನ ಲೀಗ್‌ನಲ್ಲಿ ಒಂದು ದಿನವೂ ಪೇಜ್‌ನ ಎಸೆತ ಎದುರಿಸಲಿಲ್ಲ. ಗಿಬ್ಸನ್ ಹೆಸರಿನ ಮುಂದೆ ಅನುಮಾನದ ಗುರುತಾಗಿ ನಕ್ಷತ್ರ ಹಾಕುವುದಾದರೆ ರೂತ್ ಹೆಸರಿನ ಮುಂದೂ ಒಂದು ಹಾಕಿ ಅಂದೆ. ಮಗ ಸುಮ್ಮನಾದ. ಒಪ್ಪಿದ ಅಂತ ಅಲ್ಲ, ಕಾರು ಪಾರ್ಕ್ ಮಾಡುತ್ತಿದ್ದ.

ಇನ್ನೂ ಒಂದು ಲೆಕ್ಕ ಇದೆ. ದೊಡ್ಡ ಆಟಗಾರರ ಹೆಸರು ಸೇರಿಸಿ ಗೌರವಿಸುವ ಹಾಲ್ ಆಫ್ ಫೇಮ್‌ನಲ್ಲಿ ಗಿಬ್ಸನ್ ಹೆಸರಿನ ಫಲಕದ ಮೇಲೆ ಸುಮಾರು 800 ಹೋಮ್ ರನ್ ಅಂತ ಇದೆ. ಅಧಿಕೃತವಾಗಿ ಸೇರಿದ್ದು 200 ಕೂಡ ಇಲ್ಲ. ಸುಳ್ಳು ಬರೆದರಾ? ಇಲ್ಲ. ಬಸ್ಸಿನಲ್ಲಿ ತಿರುಗಿ ಆಡಿದ ನೂರಾರು ಪಂದ್ಯಗಳು ಲೀಗ್ ಪಂದ್ಯಗಳಲ್ಲ, ಸೇರಿಸುವ ಹಾಗಿಲ್ಲ. ಸೇರಿಸಬಹುದಾದ ಲೀಗ್ ಪಂದ್ಯಗಳಲ್ಲೂ 2024ರ ಹೊತ್ತಿಗೆ ಸುಮಾರು ಶೇ 75ರಷ್ಟರ ಸ್ಕೋರ್ ಮಾತ್ರ ಸಿಕ್ಕಿತ್ತು.

ಸಿಕ್ಕಿದ್ದು ಎಲ್ಲಿ ಅಂತ ಕೇಳಿದಿರಾ? ಸಂಪಾದಕರೇ, ನಾನು ಪತ್ರ ಬರೆಯಲು ಕಾರಣವೇ ಇದು. ಸಿಕ್ಕಿದ್ದು ಹಳೇ ಪತ್ರಿಕೆಗಳಲ್ಲಿ. ಬಿಳಿಯರ ದೊಡ್ಡ ಪತ್ರಿಕೆಗಳು ಈ ಪಂದ್ಯಗಳ ಕಡೆ ಹೆಚ್ಚಾಗಿ ಕಣ್ಣೂ ಹಾಯಿಸಲಿಲ್ಲ. ಬರೆದವರು ಶಿಕಾಗೊ ಡಿಫೆಂಡರ್, ಪಿಟ್ಸ್‌ಬರ್ಗ್ ಕೊರಿಯರ್, ಬಾಲ್ಟಿಮೋರ್ ಆಫ್ರೊ ಅಮೆರಿಕನ್ ಥರದ ಕಪ್ಪು ಜನರ ವಾರಪತ್ರಿಕೆಗಳು. ಡಿಫೆಂಡರ್ ಪತ್ರಿಕೆಯನ್ನು ದಕ್ಷಿಣದ ರಾಜ್ಯಗಳಿಗೆ ರೈಲಿನ ಕಪ್ಪು ಪೋರ್ಟರ್‌ಗಳು ಹೊತ್ತೊಯ್ದು ಹಂಚುತ್ತಿದ್ದರು, ಒಂದು ಪ್ರತಿ ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾಗುವವರೆಗೆ ಓದುತ್ತಿದ್ದರು. 1933ರಿಂದ ಶಿಕಾಗೊದ ಕೋಮಿಸ್ಕಿ ಪಾರ್ಕ್‌ನಲ್ಲಿ ಈಸ್ಟ್ ವೆಸ್ಟ್ ಪಂದ್ಯ ಅಂತ ವರ್ಷಕ್ಕೊಂದು ಜಾತ್ರೆ ನಡೆಯುತ್ತಿತ್ತು, ತಂಡ ಆರಿಸುತ್ತಿದ್ದವರು ಈ ಪತ್ರಿಕೆಗಳ ಓದುಗರು, ಪತ್ರಿಕೆಯಲ್ಲೇ ಮತಚೀಟಿ. 1943ರಲ್ಲಿ ಆ ಪಂದ್ಯಕ್ಕೆ ಐವತ್ತು ಸಾವಿರಕ್ಕೂ ಜಾಸ್ತಿ ಜನ. ಕೊರಿಯರ್‌ನ ವೆಂಡೆಲ್ ಸ್ಮಿತ್, ಆಫ್ರೊದ ಸ್ಯಾಮ್ ಲೇಸಿ ವರ್ಷಗಟ್ಟಲೆ ಬರೆದು ಬರೆದು ದೊಡ್ಡ ಲೀಗ್‌ನ ಬಾಗಿಲು ತಟ್ಟಿದರು. ಬಾಗಿಲು ತೆಗೆದಾಗ ಸ್ಮಿತ್ ರಾಬಿನ್ಸನ್ ಜೊತೆ ಊರೂರು ಹೋದರು, ಆದರೂ ಪ್ರೆಸ್ ಬಾಕ್ಸ್‌ಗಳಲ್ಲಿ ಸ್ಮಿತ್‌ಗೇ ಕುರ್ಚಿ ಇರಲಿಲ್ಲ.

ಆ ವಾರಪತ್ರಿಕೆಗಳ ಮೈಕ್ರೋಫಿಲ್ಮ್ ಮುಂದೆ ಸಂಶೋಧಕರು ವರ್ಷಾನುಗಟ್ಟಲೆ ಕೂತು, ಒಂದೊಂದು ಪಂದ್ಯದ ಪುಟ್ಟ ಸ್ಕೋರ್ ಪಟ್ಟಿಯನ್ನು ಹೆಕ್ಕಿ, ಮಸುಕಾದ ಅಕ್ಷರದಲ್ಲಿ ಇದು 3ಓ 8ಓ ಅಂತ ಕಣ್ಣು ಕಿರಿದು ಮಾಡಿ ನೋಡಿ ಕೂಡಿಸಿದ್ದಾರೆ. ಹೆಚ್ಚಿನವರು ಸಂಬಳಕ್ಕೆ ಮಾಡಿದವರಲ್ಲ. ಮೇಲೆ ಹೇಳಿದ .372 ಅನ್ನುವ ಸಂಖ್ಯೆ ಹುಟ್ಟಿದ್ದು ಹಾಗೆ. ಯಾವನೋ ವರದಿಗಾರ ಒಂದು ಭಾನುವಾರ ಸಂಜೆ ಬೆವರು ಒರೆಸಿಕೊಂಡು ಬರೆದು ಕಳಿಸಿದ ನಾಲ್ಕು ಸಾಲಿನಿಂದ.

ರಾಬಿನ್ಸನ್ ಹೋದ ಮೇಲೆ ಲೀಗ್ ಏನಾಯಿತು ಅನ್ನುವುದನ್ನೂ ನಿಮ್ಮ ಸುದ್ದಿ ಹೇಳಲಿಲ್ಲ. ಮುಳುಗಿತು. ಕಪ್ಪು ಜನ ರೈಲು ಹತ್ತಿ ರಾಬಿನ್ಸನ್ ಆಟ ನೋಡಲು ಹೋದರು, ಹೋಗದೆ ಇರುತ್ತಾರಾ. ಡಾಡ್ಜರ್ಸ್ ತಂಡ ಅವನಿಗಾಗಿ ಮೊನಾರ್ಕ್ಸ್‌ಗೆ ಒಂದು ಡಾಲರ್ ಕೊಡಲಿಲ್ಲ. ನ್ಯೂವಾರ್ಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಮಾತ್ರ ಸುಮ್ಮನಿರಲಿಲ್ಲ. 1946ರಲ್ಲಿ ಅವರ ತಂಡವೇ ಕಪ್ಪು ಲೀಗ್‌ಗಳ ಚಾಂಪಿಯನ್. ಡಾನ್ ನ್ಯೂಕಂಬ್ ಎಂಬ ಪಿಚರ್‌ನನ್ನು ಡಾಡ್ಜರ್ಸ್ ಬಿಟ್ಟಿಯಾಗಿ ಎತ್ತಿಕೊಂಡು ಹೋದಾಗ ಜಗಳಕ್ಕೆ ನಿಂತರು, ಲ್ಯಾರಿ ಡೋಬಿಯನ್ನು ಕ್ಲೀವ್‌ಲ್ಯಾಂಡ್ ಕೇಳಿದಾಗ 15,000 ಡಾಲರ್ ಪಡೆದೇ ಕಳಿಸಿದರು. ಬಿಳಿ ಆಟಗಾರನಾಗಿದ್ದರೆ ಇನ್ನೂ ಎಷ್ಟೋ ಪಾಲು ಜಾಸ್ತಿ ಕೊಡುತ್ತಿದ್ದಿರಿ ಅಂತ ಮುಖಕ್ಕೇ ಹೇಳಿದರಂತೆ. ಹಾಲ್ ಆಫ್ ಫೇಮ್ ಸೇರಿದ ಏಕೈಕ ಹೆಂಗಸು ಇವತ್ತಿಗೂ ಅವರೇ. 1948ರ ಕೊನೆಗೆ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ಉಳಿದದ್ದು ಒಂದಷ್ಟು ವರ್ಷ ಕುಂಟಿತು, ಅಷ್ಟರಲ್ಲಿ ಟೋನಿ ಸ್ಟೋನ್ ಎಂಬ ಹುಡುಗಿ 1953ರಲ್ಲಿ ಕ್ಲೌನ್ಸ್ ತಂಡದಲ್ಲಿ ಗಂಡಸರ ಜೊತೆ ಆಡಿದಳು, ಅದೇ ಒಂದು ಪತ್ರಕ್ಕೆ ಆಗುವ ವಿಷಯ. ಇತ್ತ ಬಾಸ್ಟನ್ ರೆಡ್ ಸಾಕ್ಸ್ ಒಬ್ಬ ಕಪ್ಪು ಆಟಗಾರನನ್ನು ಇಳಿಸಲು 1959ರವರೆಗೆ ತೆಗೆದುಕೊಂಡಿತು. ಹನ್ನೆರಡು ವರ್ಷ! 'ರಾಬಿನ್ಸನ್ ಬಂದ, ಬಾಗಿಲು ತೆರೆಯಿತು' ಅಂತ ಒಂದೇ ಸಾಲಿನಲ್ಲಿ ಬರೆಯುವವರು ಈ ಹನ್ನೆರಡನ್ನು ಎಲ್ಲಿ ಇಡುತ್ತಾರೆ?

ಹಾಲ್ ಆಫ್ ಫೇಮ್ ಬಾಗಿಲೂ ಹಾಗೇ. 1966ರಲ್ಲಿ ಟೆಡ್ ವಿಲಿಯಮ್ಸ್ ಎಂಬ ದೊಡ್ಡ ಬಿಳಿ ಆಟಗಾರ ತನ್ನ ಸನ್ಮಾನದ ಭಾಷಣದಲ್ಲಿ, ಪೇಜ್ ಮತ್ತು ಗಿಬ್ಸನ್ ಇಲ್ಲಿ ಇಲ್ಲದಿರುವುದಕ್ಕೆ ಕಾರಣ ಅವರಿಗೆ ಅವಕಾಶ ಕೊಡದೆ ಇದ್ದದ್ದು, ಒಂದು ದಿನ ಅವರೂ ಸೇರಲಿ ಅಂತ ಹೇಳಿದ. ಯಾರೂ ಕೇಳದೆ ತಾನಾಗಿ ಹೇಳಿದ್ದು. 1971ರಲ್ಲಿ ಪೇಜ್‌ನನ್ನು ಸೇರಿಸಿಕೊಳ್ಳುವಾಗ ಮೊದಲು ಕಪ್ಪು ಲೀಗ್‌ನವರಿಗೆ ಬೇರೆ ಕಡೆ ಪ್ರತ್ಯೇಕ ಜಾಗ ಅಂತ ಮಾಡಿದ್ದರು. ಜನ ಉಗಿದರು, ಆಮೇಲೆ ಎಲ್ಲರ ಜೊತೆ ಹಾಕಿದರು.

ಬಕ್ ಓನೀಲ್ ಅಜ್ಜನ ವಿಷಯ ಬರೆಯದೆ ನಿಲ್ಲಿಸಲು ಮನಸ್ಸಿಲ್ಲ. ಫ್ಲೋರಿಡಾದಲ್ಲಿ ಹುಟ್ಟಿದವರು, ಊರಿನ ಹೈಸ್ಕೂಲು ಕಪ್ಪು ಮಕ್ಕಳಿಗೆ ಇರಲಿಲ್ಲ. ಮೊನಾರ್ಕ್ಸ್‌ನಲ್ಲಿ ಆಡಿದರು, ಮ್ಯಾನೇಜರ್ ಆದರು, 1962ರಲ್ಲಿ ಶಿಕಾಗೊ ಕಬ್ಸ್ ತಂಡ ಸೇರಿ ದೊಡ್ಡ ಲೀಗ್‌ನ ಮೊದಲ ಕಪ್ಪು ಕೋಚ್ ಆದರು. 1990ರಲ್ಲಿ ಶುರುವಾದ ಮ್ಯೂಸಿಯಂ ಕಟ್ಟಲು ಹೆಗಲು ಕೊಟ್ಟವರು ಅವರೇ. 2006ರಲ್ಲಿ ಕಪ್ಪು ಲೀಗ್‌ಗಳ ಕಾಲದ 17 ಜನರನ್ನು ಹಾಲ್ ಆಫ್ ಫೇಮ್‌ಗೆ ಒಟ್ಟಿಗೆ ಆರಿಸಿದರು. ಆ ಹದಿನೇಳು ಜನರಲ್ಲಿ ಒಬ್ಬರೂ ಬದುಕಿರಲಿಲ್ಲ. ಬದುಕಿದ್ದ ಓನೀಲ್ ಒಂದೇ ಮತದಿಂದ ತಪ್ಪಿದರಂತೆ. ಸಮಾರಂಭದ ದಿನ ಆ ಹದಿನೇಳು ಜನರ ಪರವಾಗಿ ಮಾತಾಡಲು ಬನ್ನಿ ಅಂತ ಇವರನ್ನೇ ಕರೆದರು. ನಾನಾಗಿದ್ದರೆ ಹೋಗುತ್ತಿರಲಿಲ್ಲ, ಹೇಳಿಬಿಡುತ್ತೇನೆ. 94 ವರ್ಷದ ಅಜ್ಜ ಹೋದರು, ನಗಿಸಿದರು, ಎಲ್ಲರೂ ಪಕ್ಕದವರ ಕೈ ಹಿಡಿಯಿರಿ ಅಂದು ಹಾಡಿಸಿದರು. ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ಸೇರಿದ್ದು 2022ರಲ್ಲಿ. ಮ್ಯೂಸಿಯಂ ಮೈದಾನದಲ್ಲಿ ಅವರ ಕಂಚಿನ ಮೂರ್ತಿ ಆಟಗಾರರ ಜೊತೆ ಇಲ್ಲ, ಮ್ಯಾನೇಜರ್ ಆಗಿ ಆ ತಂತಿ ಬಲೆಯ ಹತ್ತಿರ ನಿಂತು ನೋಡುತ್ತಿದೆ.

ಪತ್ರ ಉದ್ದವಾಯಿತು. ಕತ್ತರಿ ಹಾಕಿ, ಪರವಾಗಿಲ್ಲ, ಅಂಕಿಗಳನ್ನು ಮಾತ್ರ ಮುಟ್ಟಬೇಡಿ. ಮುಂದಿನ ಏಪ್ರಿಲ್‌ನಲ್ಲಿ ಆ ಸುದ್ದಿ ಹಾಕುವಾಗ ಆರು ಸಾಲಿನ ಬದಲು ಎಂಟು ಕೊಡಿ, ಒಂದರಲ್ಲಿ ವಾಕರ್ ಹೆಸರಿರಲಿ, ಇನ್ನೊಂದರಲ್ಲಿ ರಾಬಿನ್ಸನ್ ಮೊನಾರ್ಕ್ಸ್ ತಂಡದಿಂದ ಬಂದವನು ಅಂತಿರಲಿ.

ಜೊತೆಗೆ ಒಂದು ಸ್ವಂತ ಕೋರಿಕೆ. ನಾನು ಬರೆದ ಸ್ಕೋರ್ ಪುಸ್ತಕಗಳೆಲ್ಲ ನಮ್ಮ ಊರಿನ ಒಂದು ಕ್ಲಬ್‌ನ ಬೀರುವಿನಲ್ಲಿದ್ದವು. ಬಣ್ಣ ಹೊಡೆಸುವಾಗ ಯಾರೋ ರದ್ದಿಗೆ ಹಾಕಿದರು. ಮನೆಯಲ್ಲಿದ್ದ ಎರಡು ಮಾತ್ರ ಉಳಿದಿವೆ. ನಮ್ಮಲ್ಲೊಬ್ಬರು ಎಡಗೈ ಸ್ಪಿನ್ನರ್ ಇದ್ದರು, ಮಿಲ್ಲಿನಲ್ಲಿ ಕೆಲಸ, ಒಂದು ಫೈನಲ್‌ನಲ್ಲಿ ಒಂಬತ್ತು ವಿಕೆಟ್ ತೆಗೆದಿದ್ದರು. ಈಗ ಅವರಿಲ್ಲ. ಅವರ ಮೊಮ್ಮಗ ಹೋದ ತಿಂಗಳು ಬಂದು 'ತಾತ ಒಂಬತ್ತು ತೆಗೆದಿದ್ದು ನಿಜವಾ, ಇಲ್ಲ ಸುಮ್ನೆ ಹೇಳ್ತಾರಾ' ಅಂತ ಕೇಳಿದ. ನಿಜ ಅಂದೆ, ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಕಾಲದಲ್ಲಿ ಭಾನುವಾರದ ಸ್ಕೋರ್‌ಗಳನ್ನು ನಾನು ನಿಮ್ಮ ಕಚೇರಿಗೂ ಫೋನಿನಲ್ಲಿ ಹೇಳುತ್ತಿದ್ದೆ, ಕೆಲವು ಸಲ ಮಂಗಳವಾರದ ಪತ್ರಿಕೆಯಲ್ಲಿ ಬರುತ್ತಿತ್ತು. ನಿಮ್ಮಲ್ಲಿ ಹಳೇ ಸಂಚಿಕೆಗಳನ್ನು ಬೈಂಡ್ ಮಾಡಿ ಇಟ್ಟಿದ್ದರೆ, ಒಂದು ವಾರ ಬಂದು ಕೂತು ನೋಡಲು ಬಿಡುತ್ತೀರಾ? ಕನ್ನಡಕ, ಪೆನ್ಸಿಲ್ಲು, ಮಧ್ಯಾಹ್ನದ ಬುತ್ತಿ ನಾನೇ ತರುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಹಳೇ ಸ್ಕೋರರ್, ದಾವಣಗೆರೆ